ಇಬ್ಬರ ಒಪ್ಪಿಗೆ

"ನೌರಸ್ ಅನ್ನೋರು ಈ ಮನೇಲಿ ಯಾರೂ ಇಲ್ಲ," ಎಂದು ಆ ಹೆಂಗಸು ಬಾಗಿಲು ಮುಚ್ಚಲು ಹೋದಳು.

ಶಾದ್ಲಿಯಾ ಬೂಟಿನ ತುದಿಯನ್ನು ಹೊಸ್ತಿಲ ಮೇಲಿಟ್ಟಳು. ಸ್ಫಾಕ್ಸ್ ಪೊಲೀಸಿನಲ್ಲಿದ್ದಾಗ ಕಲಿತದ್ದು. ನಿವೃತ್ತಿಯಾಗಿ ವರ್ಷಗಳಾದರೂ ಕಾಲು ಅದನ್ನು ಮರೆತಿರಲಿಲ್ಲ.

"ಇಲ್ವಾ? ಹಾಗಾದ್ರೆ ಹೋದ ತಿಂಗಳು ಗಾಳಿಗೆ ಕಂಬ ಬಿದ್ದು ಕರೆಂಟ್ ಹೋಯ್ತಲ್ಲ, ಅವತ್ತು ಸಂಜೆ 'ಕರೆಂಟ್ ಇರಲಿಲ್ಲ, ಉತ್ತರ ತಡವಾಯ್ತು, ಕ್ಷಮಿಸಿ' ಅಂತ ಶರ್ಕಿಗೆ ಬರೆದೋರು ಯಾರು?"

ಬಾಗಿಲು ಅರ್ಧಕ್ಕೆ ನಿಂತಿತು.

"ಕರೆಂಟು ಎಲ್ಲಾ ಊರಲ್ಲೂ ಹೋಗುತ್ತೆ."

"ಅವತ್ತು ಹೋಗಿದ್ದು ಈ ಕರ್ಕೆನ್ನಾ ದ್ವೀಪದಲ್ಲಿ ಮಾತ್ರ. ಸ್ಫಾಕ್ಸಲ್ಲಿ ನಾನು ಆರಾಮಾಗಿ ಟೀವಿ ನೋಡ್ತಿದ್ದೆ. ಇನ್ನೊಂದು, ಹೊಸಬರೊಬ್ಬರಿಗೆ ಬುದ್ಧಿ ಹೇಳೋವಾಗ ಮೀನು ಹಿಡಿಯೋ ಬುಟ್ಟಿಗೆ ನೀವು 'ದ್ರಿನಾ' ಅಂತ ಬರೆದಿದೀರ. ನಮ್ಮ ಕಡೆ ಹಾಗೆ ಅನ್ನಲ್ಲ. ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ ಅಂತಾನೂ ಒಂದ್ಸಲ ಬರೆದಿದೀರ. ರಮ್ಲಾ ಪೇಟೇಲಿ ಮನೇಲೇ ಕೂತು ಹೊರಗಿನ ಮಕ್ಕಳಿಗೆ ಕಂಪ್ಯೂಟರಲ್ಲಿ ಗಣಿತ ಹೇಳ್ಕೊಡೋರು ಯಾರು ಅಂತ ನಿನ್ನೆ ಬ್ರೆಡ್ ಅಂಗಡಿಯವನನ್ನ ಕೇಳಿದೆ. ಬೆರಳು ಮಾಡಿ ಈ ಮನೆ ತೋರಿಸ್ದ."

ಒಳಕೋಣೆಯಿಂದ ಮುದುಕಿಯೊಬ್ಬಳ ದನಿ ಬಂತು. "ಯಾರೇ ಅದು ದಲಿಲಾ? ಹೆಣ್ಣು ಕೇಳೋಕೆ ಬಂದೋರಾ?"

"ಅಲ್ಲಮ್ಮಾ! ಮೀಟರ್ ನೋಡೋರು!"

"ಮೀಟರ್ ನೋಡೋಕೂ ಹೆಂಗಸರು ಬಂದ್ರಾ ಈಗ? ಅವಳಿಗೊಬ್ಬ ತಮ್ಮ ಇದಾನಾ ಕೇಳು. ಸುಮ್ನೆ ಕೇಳು, ಗಂಟೇನು ಹೋಗುತ್ತೆ!"

ಶಾದ್ಲಿಯಾಗೆ ನಗು ಬಂತು. ದಲಿಲಾಗೆ ಬರಲಿಲ್ಲ. ಆದರೂ ಬಾಗಿಲು ತೆರೆದಳು.

"ಒಳಗೆ ಬನ್ನಿ. ಇಲ್ಲಿ ನಿಂತ್ರೆ ಬೀದಿಗೆಲ್ಲ ಕೇಳ್ಸುತ್ತೆ."

ಅವಳಿಗೆ ಮೂವತ್ತೈದು ದಾಟಿರಬೇಕು. ಕೂದಲನ್ನು ಗಂಟು ಹಾಕಿ ಅದಕ್ಕೊಂದು ಪೆನ್ಸಿಲ್ ಚುಚ್ಚಿಕೊಂಡಿದ್ದಳು. ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಒಂದು ಮೇಜು, ಅದರ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪ್. ಕಿಟಕಿಯಾಚೆ ತಲೆ ಬಾಗಿದ ಖರ್ಜೂರದ ಮರಗಳು, ಅವುಗಳಾಚೆ ನೆಲಕ್ಕೂ ನೀರಿಗೂ ಗಡಿಯೇ ಇಲ್ಲದಂತೆ ಚಪ್ಪಟೆಯಾಗಿ ಮಲಗಿದ ಸಮುದ್ರ. ವಾಯವ್ಯದ ಗಾಳಿ ಬೆಳಿಗ್ಗೆಯಿಂದ ಒಂದೇ ಸಮನೆ ಬೀಸುತ್ತಿತ್ತು. ಕುರ್ಚಿ ಒಂದೇ ಇತ್ತು. ದಲಿಲಾ ಅಡುಗೆಮನೆಯಿಂದ ಒಂದು ಸ್ಟೂಲ್ ತಂದಳು.

ಇಂಥದೇ ಒಂಟಿ ಕುರ್ಚಿಯನ್ನು ಶಾದ್ಲಿಯಾ ಎರಡು ದಿನ ಹಿಂದೆ ಅತ್ತಾಯಾ ಹಳ್ಳಿಯಲ್ಲಿ, ಅನೀಸನ ಮನೆಯಲ್ಲಿ ನೋಡಿದ್ದಳು. ಹೋದ ಗುರುವಾರ ಅನೀಸ್ ಬೆನ್ ಹಮೀದಾ ಮೀನು ಸಿಕ್ಕಿಸಲು ನೆಟ್ಟಿದ್ದ ತನ್ನ ಖರ್ಜೂರದ ಗರಿಯ ಬೇಲಿಯ ಪಕ್ಕ ಮೊಣಕಾಲುದ್ದದ ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿರಬೇಕು ಎಂದರು ಎಲ್ಲರೂ. ಮೊಣಕಾಲುದ್ದದ ನೀರಿನಲ್ಲಿ ಹುಟ್ಟಿ ಬೆಳೆದವನು ಅದರಲ್ಲೇ ಹೇಗೆ ಮುಳುಗಿದ ಎಂದು ಕೇಳಿದವಳು ಅವನ ಅಕ್ಕ ನಾಜಿಯಾ ಒಬ್ಬಳೇ. ಶಾದ್ಲಿಯಾಳನ್ನು ಕರೆಸಿದವಳೂ ಅವಳೇ.

"ನನ್ನ ಹೆಸರು ಶಾದ್ಲಿಯಾ ಲೂಮಿ. ಮೊದಲು ಪೊಲೀಸಲ್ಲಿದ್ದೆ. ಈಗ ಯಾರು ಕರೀತಾರೋ ಅವರ ಕೆಲಸ."

ದಲಿಲಾ ತಕ್ಷಣ ಕೇಳಿದಳು, "ಶರ್ಕಿ ಕಳಿಸಿದ್ರಾ ನಿಮ್ಮನ್ನ?"

ಆ ಪ್ರಶ್ನೆಯಲ್ಲಿ ಹೆದರಿಕೆ ಇರಲಿಲ್ಲ. ಆಸೆ ಇತ್ತು. ಶಾದ್ಲಿಯಾ ಅದನ್ನು ಗಮನಿಸಿದಳು, ಗಮನಿಸಬಾರದಿತ್ತು ಅನ್ನಿಸಿತು. ಕೊಲೆಗಾರ್ತಿಯನ್ನು ಹುಡುಕಿಕೊಂಡು ಬಂದವಳಿಗೆ ಇಂಥ ಮುಖ ಎದುರಾಗಬಾರದು.

"ಯಾಕೆ ಕಳಿಸ್ತಾರೆ?"

"ಜಗಳ ಆಗಿತ್ತು ನಮಗೆ." ಅವಳು ಚಹಾದ ಲೋಟವನ್ನು ಶಾದ್ಲಿಯಾಳ ಕಡೆ ತಳ್ಳಿದಳು. ಕುದಿಸಿ ಕುದಿಸಿ ಕಪ್ಪಾದ ಚಹಾ, ಮೇಲೊಂದು ಪುದೀನ ಎಲೆ. "ಸಣ್ಣ ಜಗಳ. ಆದ್ರೆ ಆರು ವರ್ಷದಲ್ಲಿ ಅದೇ ಮೊದಲನೇದು."

"ಹೇಳಿ ನೋಡೋಣ."

"ನಿಮಗೆ 'ಮೌಜ' ಅಂದ್ರೆ ಏನು ಅಂತ ಗೊತ್ತಾ?"

ಗೊತ್ತಿತ್ತು. ಎರಡು ದಿನದಿಂದ ಶಾದ್ಲಿಯಾ ಬೇರೇನನ್ನೂ ಓದಿರಲಿಲ್ಲ. ಎಂಜಿನ್ ಕೆಟ್ಟು ಸಮುದ್ರದಲ್ಲಿ ದಿಕ್ಕುತಪ್ಪಿದ ದೋಣಿಯನ್ನು ಗಾಳಿಯೂ ನೀರಿನ ಸೆಳೆತವೂ ಸೇರಿ ಎಷ್ಟು ಹೊತ್ತಿಗೆ ಎಲ್ಲಿಗೆ ಒಯ್ದಿರುತ್ತವೆ ಎಂದು ಲೆಕ್ಕ ಹಾಕಿ ತೋರಿಸುವ ತಂತ್ರಾಂಶ ಅದು. ಅದನ್ನು ಶುರು ಮಾಡಿದವನು ಅನೀಸ್. ಅಂತರ್ಜಾಲದಲ್ಲಿ ಅವನ ಹೆಸರು ಶರ್ಕಿ; ಅವನು ಸಾಯುವ ಹಿಂದಿನ ದಿನ ಎಲ್ಲರೆದುರು ಅವನೊಡನೆ ಜಗಳವಾಡಿದ್ದ ದಲಿಲಾಳ ಹೆಸರು ಅಲ್ಲಿ ನೌರಸ್. ಅವನ ಅಪ್ಪನ ದೋಣಿ 'ಸಲಾಮಾ' ಕಾಣೆಯಾದಾಗ ಜನ ಪೂರ್ವಕ್ಕೆ ಹುಡುಕಿದ್ದರು. ದೋಣಿ ಇದ್ದದ್ದು ದಕ್ಷಿಣದಲ್ಲಿ. ಸಿಕ್ಕಾಗ ಅದರಲ್ಲಿ ಯಾರೂ ಬದುಕಿರಲಿಲ್ಲ.

ಮೌಜಕ್ಕೆ ಒಡೆಯರಿಲ್ಲ, ಬೆಲೆಯಿಲ್ಲ. ಸಮುದ್ರದ ಸುತ್ತಲಿನ ಸಣ್ಣ ಬಂದರುಗಳವರು ಅದನ್ನೇ ನೆಚ್ಚಿಕೊಂಡಿದ್ದರು. ಯಾರು ಬೇಕಾದರೂ ಒಳಗಿನ ಕೋಡನ್ನು ತೆರೆದು ಓದಬಹುದು, ತಪ್ಪು ಕಂಡರೆ ತಿದ್ದುಪಡಿ ಬರೆದು ಕಳಿಸಬಹುದು. ಆದರೆ ಅದು ಒಳಗೆ ಸೇರಬೇಕಾದರೆ ಕಾವಲಿರುವವರು ಒಪ್ಪಬೇಕು. ಹಾಗೆ ಕಳಿಸುವವರಿಗಾಗಿ ಅನೀಸ್ ನಿಯಮಗಳನ್ನು ಬರೆದಿಟ್ಟಿದ್ದ. ಸ್ಫಾಕ್ಸಿನಿಂದ ಬರುವಾಗ ದೋಣಿಯಲ್ಲಿ ಕೂತು ಶಾದ್ಲಿಯಾ ಅವನ್ನು ಮತ್ತೆ ಮತ್ತೆ ಓದಿದ್ದಳು.

ಕೋಡ್ ಕಳಿಸುವ ಮುಂಚೆ ತೊಂದರೆ ಏನೆಂದು ಹೇಳಿ. ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ. ಯಾರೂ ತಮ್ಮ ತಿದ್ದುಪಡಿಯನ್ನು ತಾವೇ ಒಪ್ಪಿಕೊಳ್ಳುವ ಹಾಗಿಲ್ಲ, ನಾನೂ ಇಲ್ಲ. ಕಾವಲಿನ ಇಬ್ಬರೂ ಒಪ್ಪಬೇಕು. ಒಪ್ಪಿದರೂ ಬಿಟ್ಟರೂ ಕಾರಣ ಬರೆಯಿರಿ, ಯಾಕೆಂದರೆ ಎದುರಿನವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಮೊದಲ ಸಲ ಬಂದವರೊಂದಿಗೆ ಮನೆಗೆ ಬಂದ ನೆಂಟರ ಹಾಗೆ ಮಾತಾಡಿ.

ನಿಯಮ ಓದಿದ ಹಾಗೆ ಅನ್ನಿಸಿರಲಿಲ್ಲ ಶಾದ್ಲಿಯಾಗೆ. ಯಾರಾದರೂ ಬಂದು ಬಾಗಿಲು ತಟ್ಟಲಿ ಎಂದು ವರ್ಷಗಟ್ಟಲೆ ಕಾದು ಕೂತವನೊಬ್ಬನ ಮಾತಿನ ಹಾಗಿತ್ತು.

"ಕಾವಲಿಗೆ ಇರೋದು ನೀವಿಬ್ಬರೇನಾ?" ಎಂದು ಕೇಳಿದಳು.

"ಮುಂಚೆ ಮೂರು ಜನ ಇದ್ವಿ. ಪಲೆರ್ಮೊದಲ್ಲಿ ಒಬ್ರಿದ್ರು. ಮಗು ಆಯ್ತು, ಬಿಟ್ಟು ಹೋದ್ರು. ಆಮೇಲೆ ನಾನು, ಶರ್ಕಿ." ದಲಿಲಾ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ಸ್ಫಾಕ್ಸಲ್ಲಿದ್ದ ಕೆಲಸ ಬಿಟ್ಟು ಬಂದೆ. ಇಲ್ಲಿ ಮಾತಾಡೋಕೆ ಯಾರಿದಾರೆ ಹೇಳಿ? ಅಕ್ಕಪಕ್ಕದೋರು ಮದುವೆ ಯಾವಾಗ ಅಂತಾರೆ, ಇಲ್ಲಾ ಅಮ್ಮ ಯಾವಾಗ ಅಂತಾರೆ. ಶರ್ಕಿ ಅದೆರಡೂ ಕೇಳಲ್ಲ. ಈ ಸಾಲು ಯಾಕೆ ಹೀಗೆ ಬರೆದ್ರಿ ಅಂತ ಕೇಳ್ತಾರೆ. ನಾನು ಹೇಳ್ತೀನಿ. ಅದನ್ನ ಅವರು ಪೂರ್ತಿ ಕೇಳ್ತಾರೆ."

"ನೋಡಿದೀರಾ ಅವರನ್ನ?"

"ಇಲ್ಲ. ಅಲೆಕ್ಸಾಂಡ್ರಿಯಾದಲ್ಲಿರಬೇಕು. ವಯಸ್ಸಾದೋರು. ಹಡಗಲ್ಲಿ ಕೆಲಸ ಮಾಡಿ ನಿವೃತ್ತರಾದೋರು."

"ಅವರೇ ಹೇಳಿದ್ರಾ?"

ದಲಿಲಾ ತುಸು ಕೆಂಪಾದಳು. "ಇಲ್ಲ. ನಾನೇ ಅಂದ್ಕೊಂಡಿದ್ದು."

ಶಾದ್ಲಿಯಾ ಚಹಾ ಕುಡಿದಳು. ತುಂಬ ಸಿಹಿ. ಒಬ್ಬರಿಗೇ ಮಾಡಿಕೊಂಡು ರೂಢಿಯಾದವರು ಇಬ್ಬರಿಗೆ ಮಾಡುವಾಗ ಸಕ್ಕರೆ ಹೆಚ್ಚಾಗುತ್ತದೆ. ಗಂಡ ಹೋದ ಮೇಲೆ ಅವಳಿಗೂ ಅದರ ಅನುಭವವಿತ್ತು.

"ಜಗಳ ಯಾತಕ್ಕೆ?"

"ಬಹ್ರಿ ಅಂತ ಒಬ್ರು. ಒಂದು ವರ್ಷದಿಂದ ಸಣ್ಣಪುಟ್ಟ ತಿದ್ದುಪಡಿ ಕಳಿಸ್ತಾರೆ. ತುಂಬ ಮರ್ಯಾದಸ್ತರು. ಹೋದ ವಾರ ದೊಡ್ಡದೊಂದು ಕಳಿಸಿದ್ರು. ನಮ್ಮ ದ್ವೀಪದ ಕೆಳಗಡೆ, ದಕ್ಷಿಣದ ಕಡಲಲ್ಲಿ, ನೀರಿನ ಸೆಳೆತದ ಅಂಕಿ ಎಲ್ಲಾ ಹಳೇವು, ಇಲ್ಲಿ ಹೊಸವಿದೆ ಅಂತ. ನಾನು ನೋಡ್ದೆ, ಅಚ್ಚುಕಟ್ಟಾಗಿತ್ತು. ಆದ್ರೆ ಒಂದು ಪರೀಕ್ಷೇಲಿ ಸೋತೋಯ್ತು."

"ಪರೀಕ್ಷೆ ಅಂದ್ರೆ?"

"ನಿಜವಾಗ್ಲೂ ಕಳೆದುಹೋಗಿ ಆಮೇಲೆ ಸಿಕ್ಕಿದ ದೋಣಿಗಳು. ಇಂಥಾ ಕಡೆ ಕೆಟ್ಟಿತ್ತು, ಇಂಥಾ ಕಡೆ ಸಿಕ್ತು ಅಂತ ಗೊತ್ತಿರುತ್ತಲ್ಲ. ಯಾರೇ ತಿದ್ದಿದ್ರೂ ಮೌಜ ಆ ದೋಣಿಗಳನ್ನೆಲ್ಲಾ ಸರಿಯಾಗಿ ಹುಡುಕಿ ತೋರಿಸ್ಬೇಕು. ಬಹ್ರಿ ತಿದ್ದುಪಡಿ ಹಾಕಿದ್ರೆ ಒಂದು ದೋಣಿ ಸಿಗಲಿಲ್ಲ. 'ಸಲಾಮಾ' ಅಂತ. ಅದರ ದಾಖಲೆ ಹಳೇದು, ನಂಬೋ ಹಾಗಿಲ್ಲ, ತೆಗೆದುಬಿಡೋಣ ಅಂದ್ರು ಬಹ್ರಿ. ನನಗೂ ಸರಿ ಅನ್ನಿಸ್ತು, ಒಪ್ಪಿದೆ. ಶರ್ಕಿ ಒಪ್ಪಲಿಲ್ಲ. 'ಆ ದೋಣಿ ತೆಗೆಯೋ ಹಾಗಿಲ್ಲ' ಅಂದ್ರು. ಯಾಕೆ ಅಂದೆ. ಹೇಳಲಿಲ್ಲ. 'ಕಾರಣ ಬರೀಬೇಕು ಅಂತ ನಿಯಮ ಮಾಡಿದ್ದು ನೀವು, ಈಗ ನೀವೇ ಮುರೀತಿದೀರ' ಅಂತ ಬರೆದೆ ನಾನು. ಎಲ್ಲರೂ ಓದೋ ಜಾಗದಲ್ಲಿ." ಅವಳು ಪೆನ್ಸಿಲನ್ನು ಕೂದಲಿನಿಂದ ಎಳೆದು ಕೈಯಲ್ಲಿ ಹಿಡಿದಳು. "ಅದು ಬುಧವಾರ. ಆಮೇಲೆ ಅವರು ಮಾತೇ ಆಡಲಿಲ್ಲ. ಶನಿವಾರ ಒಪ್ಪಿಗೆ ಕೊಟ್ಬಿಟ್ರು."

"ಏನಂತ ಬರೆದು?"

"'ಒಪ್ಪಿದೆ.' ಅಷ್ಟೇ."

"ಕಾರಣ?"

ದಲಿಲಾ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ಆರು ವರ್ಷದಲ್ಲಿ ಆ ಮನುಷ್ಯ ಕಾರಣ ಬರೀದೆ ಯಾವುದನ್ನಾದ್ರೂ ಒಪ್ಪಿದ್ದಿದೆಯಾ? ನಾನು ಹಿಂದಿಂದೆಲ್ಲ ಓದ್ಕೊಂಡು ಬಂದಿದೀನಿ. ಅಕ್ಷರ ತಪ್ಪು ತಿದ್ದಿದ ಹುಡುಗಿಗೂ ಇಷ್ಟುದ್ದ ಬರೆದಿದಾನೆ."

"ಕೋಪ ಇರ್ಬೇಕು ಅಂದ್ಕೊಂಡೆ. ನಾನು ಗೆದ್ದೆ ಅಂದ್ಕೊಂಡೆ."

ಶಾದ್ಲಿಯಾ ಚೀಲದಿಂದ ಫೋಟೋ ತೆಗೆದಳು. ನಾಜಿಯಾ ಕೊಟ್ಟದ್ದು. ದಡದಲ್ಲಿ ಬಲೆ ಒಣಗಿಸುತ್ತಿರುವ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿರುವ ನಲವತ್ತರ ಗಂಡಸು.

"ಇವರು ಗೊತ್ತಾ?"

"ಗೊತ್ತು," ಎಂದಳು ದಲಿಲಾ ಕೂಡಲೇ. "ಅತ್ತಾಯಾದೋರು. ಶುಕ್ರವಾರ ಸಂತೇಲಿ ಒಣ ಆಕ್ಟೋಪಸ್ ಮಾರ್ತಿದ್ರು. ನಾನು ಚೌಕಾಸಿ ಮಾಡ್ತಿದ್ದೆ ಇವರ ಹತ್ರ. ಬಾಯಿ ಬಿಟ್ಟು ಮಾತಾಡೋರಲ್ಲ, ನಕ್ಕು ಇನ್ನೊಂದು ತುಂಡು ಹಾಕ್ಬಿಡೋರು. ಪಾಪ, ಹೋದ ಗುರುವಾರ ತೀರ್ಕೊಂಡ್ರಂತೆ. ಯಾಕೆ?"

ಪೊಲೀಸ್ ಕೆಲಸದಲ್ಲಿ ಎಷ್ಟೋ ಮನೆಗಳಿಗೆ ಇಂಥ ಸುದ್ದಿ ಹೊತ್ತು ಹೋಗಿದ್ದಳು ಶಾದ್ಲಿಯಾ. ಹೆಂಡತಿಗೆ ಹೇಳಿದ್ದಳು, ತಾಯಿಗೆ ಹೇಳಿದ್ದಳು. ಈಗ ಎದುರಿಗಿದ್ದವಳು ಸತ್ತವನಿಗೆ ಏನಾಗಬೇಕು ಎಂಬುದಕ್ಕೆ ಹೆಸರೇ ಇರಲಿಲ್ಲ.

"ದಲಿಲಾ, ಇವನೇ ಶರ್ಕಿ."

ಅವಳು ನಕ್ಕಳು. ಸಣ್ಣ ನಗು, ತಪ್ಪು ಲೆಕ್ಕ ತೋರಿಸಿದ ಮಗುವಿಗೆ ನಗುವ ಹಾಗೆ. "ಇಲ್ಲಪ್ಪ. ಇವರು ಮೀನು ಹಿಡಿಯೋರು."

"ಮೀನೂ ಹಿಡೀತಿದ್ದ. 'ಸಲಾಮಾ' ಅವನ ಅಪ್ಪನ ದೋಣಿ. ಅದಕ್ಕೇ ಕಾರಣ ಬರೆಯೋಕೆ ಅವನಿಗೆ ಆಗಲಿಲ್ಲ."

ಫೋಟೋ ಮೇಜಿನ ಮೇಲೆ ಉಳಿಯಿತು. ದಲಿಲಾ ಅದನ್ನು ಮುಟ್ಟಲಿಲ್ಲ. ಕಿಟಕಿಯ ಗಾಜು ಗಾಳಿಗೆ ಸಣ್ಣಗೆ ನಡುಗುತ್ತಿತ್ತು.

"ಇದೇ ದ್ವೀಪದಲ್ಲಾ?" ಎಂದಳು ಕೊನೆಗೆ. "ಬಸ್ಸಲ್ಲಿ ಹೋಗೋ ದೂರದಲ್ಲಾ?"

"ಹೌದಮ್ಮ."

"ಅವರಿಗೆ ಗೊತ್ತಿತ್ತಾ? ನಾನು ಇಲ್ಲೇ ಇರೋದು?"

"ಅದು ನನಗೆ ಗೊತ್ತಿಲ್ಲ."

ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಬೆನ್ನು ಈ ಕಡೆಗಿತ್ತು. ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಮುದುಕಿ, "ಮೀಟರ್ ಎಷ್ಟು ಬಂತಂತೆ?" ಎಂದು ಕೂಗಿದಳು.

ತಿರುಗಿದಾಗ ದಲಿಲಾಳ ಮುಖ ಬಿಳಿಚಿಕೊಂಡಿತ್ತು.

"ಸುಳ್ಳು. ಶರ್ಕಿ ಸತ್ತಿಲ್ಲ. ಇವತ್ತು ಮಧ್ಯಾಹ್ನ ನನಗೆ ಬರೆದಿದಾರೆ."

ಲ್ಯಾಪ್‌ಟಾಪನ್ನು ಶಾದ್ಲಿಯಾಳ ಕಡೆ ತಿರುಗಿಸಿದಳು. ಶರ್ಕಿಯ ಹೆಸರಿನ ಕೆಳಗೆ ಒಂದೇ ಪದ ಇತ್ತು.

'ಇದ್ದೀರಾ?'

"ನೀವೇನು ಬರೆದ್ರಿ?"

"ಏನೂ ಇಲ್ಲ. ಸ್ವಲ್ಪ ಕಾಯಲಿ ಅಂತ ಸುಮ್ಮನಿದ್ದೆ. ಖುಷಿಯಾಗಿತ್ತು ನನಗೆ. ರಾಜಿ ಮಾಡ್ಕೊಳ್ಳೋಕೆ ಬಂದಿದಾರೆ ಅಂತ."

ಶಾದ್ಲಿಯಾ ಮತ್ತೆ ಆ ಪದ ನೋಡಿದಳು. ದಲಿಲಾಳ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ಸತ್ತವನ ಖಾತೆ ಇನ್ನೊಬ್ಬರ ಕೈಯಲ್ಲಿತ್ತು. ಶನಿವಾರ ಒಪ್ಪಿಗೆ ಕೊಟ್ಟವರೂ ಇವತ್ತು 'ಇದ್ದೀರಾ' ಎಂದವರೂ ಅವರೇ. ಶನಿವಾರ ಅವರಿಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಮತ್ತೆ ಇವತ್ತು ನೌರಸ್‌ಳಿಂದ ಏನು ಬೇಕಾಗಿತ್ತು?

"ಆ ತಿದ್ದುಪಡಿ ಒಳಗೆ ಸೇರಿದ ಮೇಲೆ ಮೌಜ ಏನು ಮಾಡುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ದ್ವೀಪದ ಕೆಳಗೆ ಕೆಟ್ಟು ನಿಂತ ದೋಣಿ ಮುಂಚೆ ದಕ್ಷಿಣಕ್ಕೆ ಹೋಗುತ್ತೆ ಅಂತ ತೋರಿಸ್ತಿತ್ತು. ಈಗ ಪೂರ್ವಕ್ಕೆ ತೋರಿಸುತ್ತೆ."

ಶಾದ್ಲಿಯಾ ಎದ್ದು ನಿಂತಳು. ಬೆಳಿಗ್ಗೆ ಅತ್ತಾಯಾದಲ್ಲಿ ದೋಣಿ ನಿಲ್ಲುವ ಧಕ್ಕೆಯ ಮೇಲೆ ಜನ ಗುಂಪುಗೂಡಿ ಸಮುದ್ರ ನೋಡುತ್ತಿದ್ದದ್ದು ನೆನಪಾಯಿತು. 'ಮಬ್ರೂಕಾ' ಎಂಬ ದೋಣಿ ನಸುಕಿನಲ್ಲಿ ಸಮುದ್ರಕ್ಕೆ ಹೋಗಿತ್ತು. ಎಂಜಿನ್ ನಿಂತಿದೆ ಎಂದು ಒಮ್ಮೆ ಫೋನ್ ಬಂದಿತ್ತಂತೆ, ಆಮೇಲೆ ಸದ್ದಿಲ್ಲ.

ಬಂದರಿನಲ್ಲಿ ಹುಡುಕಾಟ ನೋಡಿಕೊಳ್ಳುತ್ತಿದ್ದ ಲಮೀನ್ ಅವಳಿಗೆ ಹಳೆಯ ಪರಿಚಯ; ಗೌರವಕ್ಕೆ ಅವಳು ಅವನನ್ನು 'ಸೀ' ಎಂದರೆ ಅವನು ಅವಳನ್ನು 'ಲೆಲ್ಲಾ' ಎನ್ನುತ್ತಿದ್ದ. ಫೋನ್ ಮಾಡಿದಳು.

"ಸೀ ಲಮೀನ್, ಮಬ್ರೂಕಾ ಎಲ್ಲಿ ಕೆಟ್ಟಿದ್ದು?"

"ದ್ವೀಪದ ಕೆಳಗಡೆ, ಲೆಲ್ಲಾ. ಈಗ ಮಾತಾಡೋಕೆ ಪುರಸೊತ್ತಿಲ್ಲ."

"ಹುಡುಕ್ತಿರೋದು ಯಾವ ಕಡೆ?"

"ಪೂರ್ವಕ್ಕೆ. ಮೌಜ ಪೂರ್ವಕ್ಕೇ ತೋರಿಸ್ತಿದೆ. ಇಲ್ಲಿನ ಮುದುಕರು ದಕ್ಷಿಣಕ್ಕೆ ಹೋಗಿ ದಕ್ಷಿಣಕ್ಕೆ ಹೋಗಿ ಅಂತ ತಲೆ ತಿಂತಿದಾರೆ."

ದಲಿಲಾ ಆಗಲೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಹಳೆಯ ಮೌಜವನ್ನು ತನ್ನಲ್ಲೇ ಓಡಿಸಿ ನೋಡಿದಳು. ಪರದೆಯ ಮೇಲೆ ನೀಲಿ ಚುಕ್ಕೆ ನಿಧಾನವಾಗಿ ದಕ್ಷಿಣಕ್ಕೆ ಸರಿಯಿತು. ಅವಳು ಶಾದ್ಲಿಯಾಳ ಕೈಯಿಂದ ಫೋನ್ ಕಸಿದುಕೊಂಡಳು.

"ದಕ್ಷಿಣಕ್ಕೆ ಹೋಗಿ ಸರ್! ನಾನು ಜಾಗ ಹೇಳ್ತೀನಿ, ಬರ್ಕೊಳ್ಳಿ!"

"ಯಾರಮ್ಮ ನೀನು?"

"ಮೌಜದೋಳು. ಅದನ್ನ ನೋಡ್ಕೊಳ್ಳೋಳು."

"ನೋಡ್ಕೊಳ್ಳೋಳಾದ್ರೆ ಸರಿ ಮಾಡಮ್ಮ! ನನ್ನ ದೋಣಿ ಎರಡು, ಸ್ಫಾಕ್ಸಿಂದ ಬಂದಿರೋವು ನಾಲ್ಕು, ಮೀನುಗಾರರು ಬೇರೆ. ಎಲ್ಲರೂ ಆ ಪರದೇನೇ ನೋಡ್ಕೊಂಡು ಹೋಗ್ತಿರೋದು. ಫೋನಲ್ಲಿ ಯಾರೋ ಹೆಣ್ಮಗಳು ಹೇಳಿದ್ಲು ಅಂತ ನಾನು ಎಲ್ಲರನ್ನೂ ಹೆಂಗೆ ತಿರುಗಿಸ್ಲಿ? ಪರದೆ ಮೇಲೆ ಬರ್ಲಿ, ಈಗಲೇ ತಿರುಗಿಸ್ತೀನಿ. ಕತ್ತಲಾದ್ರೆ ಕತೆ ಮುಗೀತು."

ಫೋನ್ ಕಟ್ಟಾಯಿತು.

"ತೆಗೀರಿ ಆ ತಿದ್ದುಪಡಿ," ಎಂದಳು ಶಾದ್ಲಿಯಾ.

"ತೆಗೆಯೋದೂ ಒಂದು ತಿದ್ದುಪಡೀನೇ." ದಲಿಲಾಳ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತ್ತು. "ನಾನು ಬರೆದಿದ್ದನ್ನ ನಾನೇ ಒಳಗೆ ಸೇರಿಸೋಕಾಗಲ್ಲ. ಶರ್ಕಿ ಒಬ್ಬರೇ ಆದ್ರೂ ಆ ಬೀಗ ತೆಗೆಯೋಕಾಗಲ್ಲ. ನಮ್ಮಲ್ಲಿ ಯಾರಾದ್ರೂ ಒಬ್ರು ಕೆಟ್ಟೋರಾದ್ರೆ ಅಂತ ಹಾಗೆ ಮಾಡಿದ್ರು. ಶರ್ಕಿ ಒಪ್ಪಬೇಕು."

ಶರ್ಕಿ ಮಣ್ಣಿನಡಿ ಇದ್ದ. ಅವನ ಹೆಸರಿನಲ್ಲಿ ಕೂತಿದ್ದವರನ್ನೇ ಕೇಳಬೇಕಿತ್ತು.

"ಕೇಳಿ," ಎಂದಳು ಶಾದ್ಲಿಯಾ.

"ಅವರನ್ನ ಕೊಂದೋನ್ನಾ?"

"ದೋಣಿಯಲ್ಲಿ ಜನ ಇದಾರೆ ಮಗಳೇ. ಅವನು ಸತ್ತಿದ್ದು ನಿಮಗೆ ಗೊತ್ತಿಲ್ಲ. ನಾನು ಇಲ್ಲಿಗೆ ಬಂದೇ ಇಲ್ಲ. ನಿಮ್ಮ ಶರ್ಕಿಗೆ ಹೇಗೆ ಬರೀತಿದ್ರೋ ಹಾಗೇ ಬರೀರಿ."

ದಲಿಲಾ ಮೊದಲು ಕೋಡನ್ನು ಹಿಂದಿನಂತೆ ಮಾಡಿದಳು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರಣ ಬರೆಯುವಲ್ಲಿ ತಡವರಿಸಿದಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು. ಶಾದ್ಲಿಯಾ ಅವಳ ಹೆಗಲ ಮೇಲಿನಿಂದ ಓದಿದಳು.

'ಸಲಾಮಾ ದೋಣಿಯನ್ನು ಅದರ ಜಾಗಕ್ಕೆ ವಾಪಸ್ ತಂದಿದ್ದೇನೆ. ನೀವು ಹೇಳಿದ್ದೇ ಸರಿ. ಕಾರಣ ಕೇಳಿ ನಿಮ್ಮನ್ನು ಎಲ್ಲರೆದುರು ನೋಯಿಸಿದೆ. ಕೆಲವು ಕಾರಣಗಳನ್ನು ಬರೆಯಲು ಆಗುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹುಡುಕಾಟ ನಡೆಯುತ್ತಿದೆ, ದಯವಿಟ್ಟು ನೋಡಿ.'

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಕಳಿಸಿದಳು.

"ಓದಬೇಕಾದೋರು ಓದಲ್ಲ ಇದನ್ನ," ಎಂದಳು.

ಶಾದ್ಲಿಯಾ ಅವಳ ಹೆಗಲ ಮೇಲೆ ಕೈಯಿಟ್ಟಳು. ಹಾಗೆ ಇನ್ನೊಬ್ಬರನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ, ಕೈಗೇ ಸಂಕೋಚವಾಯಿತು.

ಇಬ್ಬರೂ ಕಾಯಲು ಸಿದ್ಧರಾದರು. ಕಾಯಬೇಕಾಗಲಿಲ್ಲ. ಪರದೆ ಅಲುಗಿತು.

'ಒಪ್ಪಿದೆ. ಬೇಗ ಸೇರಿಸಿ. ಬೇಗ.'

ದಲಿಲಾ ಗುಂಡಿ ಒತ್ತಿದಳು. ತಿದ್ದುಪಡಿ ಒಳಗೆ ಸೇರಿತು. ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. ಮರುಕ್ಷಣ ಮತ್ತೆ ನೆಟ್ಟಗಾದಳು.

"ಬೇಗ ಅಂತ ಶರ್ಕಿ ಯಾವತ್ತೂ ಅಂದೋರಲ್ಲ. ಆತುರ ಮಾಡಬೇಡಿ ಅನ್ನೋದೇ ಅವರ ಮಾತು."

"ನಾವು ಕೇಳೋದನ್ನೇ ಕಾಯ್ತಾ ಕೂತಿದ್ರು," ಎಂದಳು ಶಾದ್ಲಿಯಾ ನಿಧಾನವಾಗಿ. "ಮಧ್ಯಾಹ್ನದಿಂದ. 'ಇದ್ದೀರಾ' ಅಂದಿದ್ದೂ ಅದಕ್ಕೇ. ಶನಿವಾರ ಮಾಡಿದ್ದನ್ನ ಅವರಿಗೇ ವಾಪಸ್ ತೆಗೀಬೇಕಾಗಿತ್ತು, ಒಬ್ಬರಿಂದಲೇ ಆಗ್ತಿರಲಿಲ್ಲ."

"ಯಾಕೆ ತೆಗೀಬೇಕು ಅವರು?"

"ಆ ದೋಣಿಯಲ್ಲಿ ಅವರ ಕಡೆಯೋರು ಯಾರೋ ಇದಾರೆ."

ಫೋನ್ ಬಡಿದುಕೊಂಡಿತು. ಲಮೀನ್.

"ಲೆಲ್ಲಾ, ಪರದೆ ತಿರುಗಿತು! ದಕ್ಷಿಣಕ್ಕೆ ಹೊರಟಿದಾರೆ ಎಲ್ಲರೂ. ಆ ಹೆಣ್ಮಗಳಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡಿ."

"ಸೀ ಲಮೀನ್, ಮಬ್ರೂಕಾದಲ್ಲಿ ಯಾರ್ಯಾರಿದಾರೆ?"

"ಮುದುಕ ಫರ್ಹಾತ್, ಅವನ ಭಾವಮೈದ. ಇಬ್ಬರಿಗೂ ಹಿಂದುಮುಂದು ಯಾರಿಲ್ಲ. ಇನ್ನೊಬ್ಬ ಬೆಳಿಗ್ಗೆ ಕೊನೇ ಗಳಿಗೇಲಿ ಹತ್ತಿದೋನು, ಇಯಾದ್ ಅಂತ."

"ಯಾರ ಮಗ?"

"ಹೋದ ವಾರ ತೀರ್ಕೊಂಡನಲ್ಲ ಅನೀಸ್, ಅವನ ಅಕ್ಕನ ಮಗ. ಆ ಮಹಾತಾಯಿ ಬೆಳಿಗ್ಗೆಯಿಂದ ಧಕ್ಕೆ ಬಿಟ್ಟು ಕದಲಿಲ್ಲ. ತೊಡೆ ಮೇಲೆ ತಮ್ಮನ ಲ್ಯಾಪ್‌ಟಾಪ್ ಇಟ್ಕೊಂಡು ಅದನ್ನೇ ದಿಟ್ಟಿಸ್ತಾ ಕೂತಿದ್ಲು. ಈಗಷ್ಟೇ ಅದನ್ನ ಮುಚ್ಚಿ ಗೊಳೋ ಅಂತ ಅಳ್ತಿದಾಳೆ."

ನಾಜಿಯಾ, ಎಂದುಕೊಂಡಳು ಶಾದ್ಲಿಯಾ. ತನ್ನನ್ನು ಕರೆಸಿದವಳು. ತಮ್ಮನ ಸಾವಿಗೆ ನ್ಯಾಯ ಕೇಳಿದವಳು. ಎರಡು ದಿನವೂ ಬೆಳಿಗ್ಗೆ, ಇವತ್ತು ಎಲ್ಲಿಗೆ ಹೋಗುತ್ತೀರಿ ಎಂದು ತಪ್ಪದೆ ವಿಚಾರಿಸುತ್ತಿದ್ದವಳು.

"ಅವಳಿಗೆ ಫೋನ್ ಕೊಡಿ, ಸೀ ಲಮೀನ್."

ಏನೋ ಸದ್ದು, ಯಾರದೋ ಸಮಾಧಾನದ ಮಾತು, ಆಮೇಲೆ ಬಿಕ್ಕುತ್ತಿರುವ ಉಸಿರು.

"ನಾಜಿಯಾ," ಎಂದಳು ಶಾದ್ಲಿಯಾ. "ಶನಿವಾರ ಒಪ್ಪಿದ್ದು ನೀವು."

"ಆ ಬಹ್ರಿ ಅನ್ನೋನು ನನ್ನ ಕೈಯಿಂದ ಒತ್ತಿಸಿದ. ಮಗನ ಹೆಸರು ಹೇಳಿ ಹೆದರಿಸಿದ. ಅದೆಲ್ಲ ಆಮೇಲೆ ಹೇಳ್ತೀನಿ ಲೆಲ್ಲಾ, ಈಗ ನನ್ನ ಮಾತು ಕೇಳಿ. ನೌರಸ್ ಮನೇಲೇ ಇದೀರಾ?"

"ಇದೀನಿ."

"ಆ ಹುಡುಗೀನ ಕರ್ಕೊಂಡು ಹೊರಟುಬಿಡಿ ಅಲ್ಲಿಂದ. ಈಗಲೇ. ಬೆಳಿಗ್ಗೆ ನೀವು ಮನೆ ಗುರುತು ಹೇಳಿದ್ರಲ್ಲ, ನಾನು ಅದನ್ನ ಅವನಿಗೆ ಹೇಳಿಬಿಟ್ಟಿದೀನಿ. ತಿದ್ದುಪಡಿ ತೆಗೆದಿದ್ದು ಅವನ ಪರದೇಲೂ ಕಾಣ್ಸಿರುತ್ತೆ."

"ಯಾರು ನಾಜಿಯಾ? ಆ ಬಹ್ರಿ ಯಾರು?"

ಆ ಕಡೆ ಫೋನ್ ಕಟ್ಟಾಗಿತ್ತು.

ದಲಿಲಾ ಏನಾಯಿತೆಂದು ಕೇಳದೆಯೇ ಎದ್ದು ನಿಂತಿದ್ದಳು. ಅವಳ ಕಣ್ಣು ಹೋದದ್ದು ಬೀದಿಬಾಗಿಲಿನ ಕಡೆಗಲ್ಲ; ಹಾಸಿಗೆ ಬಿಟ್ಟು ಏಳಲಾರದ ತಾಯಿ ಮಲಗಿದ್ದ ಕೋಣೆಯ ಕಡೆಗೆ.